ಅಪ್‌ಡೇಟ್: ಬಯಾಲಜಿ ಓದದೆ ಕಂಪ್ಯೂಟೇಷನಲ್ ನ್ಯೂರೋಸೈನ್ಸ್‌ಗೆ ಹೋಗಬಹುದಾ?

ಕಲಬುರಗಿಯಲ್ಲಿ ಎಲೆಕ್ಟ್ರಾನಿಕ್ಸ್ ಬಿಇ ಮುಗಿಸಿದ್ದೇನೆ, ಪಿಯುಸಿ ಆದಮೇಲೆ ಬಯಾಲಜಿ ಮುಟ್ಟಿಲ್ಲ, ಕಂಪ್ಯೂಟೇಷನಲ್ ನ್ಯೂರೋಸೈನ್ಸ್‌ನಲ್ಲಿ (ಮೆದುಳು, ನರಗಳ ಕೆಲಸವನ್ನು ಗಣಿತ ಮತ್ತು ಕಂಪ್ಯೂಟರ್ ಮಾದರಿಗಳಿಂದ ಅರಿಯುವ ವಿಷಯ) ಮಾಸ್ಟರ್ಸ್ ಮಾಡಬಹುದಾ ಅಂತ ಇಲ್ಲಿ ಕೇಳಿದ್ದೆ. ಮೊದಲು ಒಂದು ನರಕೋಶದ ಮಾದರಿಯನ್ನು ಪೈಥಾನ್ ಕೋಡ್‌ನಲ್ಲಿ ನೀವೇ ಬರೆದು ನೋಡಿ ಅಂದಿರಿ. ಬರೆದೆ.

ವಿಜ್ಞಾನಿಗಳಾದ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ಸ್ಕ್ವಿಡ್ ಅನ್ನೋ ಸಮುದ್ರಜೀವಿಯ ದಪ್ಪ ನರತಂತು ನೋಡಿ ಕಟ್ಟಿದ ಮಾದರಿ ಅದು, ನಾಲ್ಕು ಡಿಫರೆನ್ಷಿಯಲ್ ಸಮೀಕರಣ. ಕೋಶದ ಪೊರೆ ಅಂದರೆ ಚಾರ್ಜ್ ಹಿಡಿದಿಡುವ ಕೆಪಾಸಿಟರ್, ಅಯಾನ್ ಚಾನೆಲ್ (ಪೊರೆಯಲ್ಲಿ ಅಯಾನುಗಳು ಹಾದುಹೋಗುವ ದಾರಿ) ಅಂದರೆ ವೋಲ್ಟೇಜ್‌ಗೆ ತಕ್ಕಂತೆ ಬದಲಾಗುವ ಕಂಡಕ್ಟನ್ಸ್ (ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋ ಅಳತೆ). ನಮ್ಮ ಸರ್ಕ್ಯೂಟ್ ಪಾಠವೇ ಅಲ್ವಾ! ಕರೆಂಟ್ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡುತ್ತಾ ಹೋದೆ, ಗ್ರಾಫ್‌ನಲ್ಲಿ ಮೈನಸ್ 65 ಮಿಲಿವೋಲ್ಟ್ ಹತ್ತಿರ ಸುಮ್ನೆ ಇದ್ದ ಪೊರೆಯ ವೋಲ್ಟೇಜ್ ಗೆರೆ ಒಮ್ಮೆಲೇ ಸೊನ್ನೆ ದಾಟಿ ಜಿಗಿದು ಮತ್ತೆ ಕೆಳಗಿಳಿಯಿತು, ಅಂದರೆ ನರಕೋಶ ಸಿಗ್ನಲ್ ಕೊಟ್ಟಿತು. ಎಷ್ಟು ಖುಷಿಯಾಯಿತು ಅಂದರೆ ಅಕ್ಕನನ್ನು ಕರೆದು ತೋರಿಸಿದೆ.

ಈಗ ಪ್ರಾಬಬಿಲಿಟಿ, ಲೀನಿಯರ್ ಆಲ್ಜೀಬ್ರಾ ಗಟ್ಟಿ ಮಾಡಿಕೊಳ್ಳುತ್ತಿದ್ದೇನೆ. ಅರ್ಜಿ ಹಾಕುವುದು ಖಚಿತ.