ಪದಚರ್ಚೆ: ಮೈಮೇಲಿನ ಬಟ್ಟೆಗೆ ‘ಪದರ’ ಹೊಂದುತ್ತದೆಯೇ?

ಆತ್ಮೀಯರೇ,

ಬಾಗಲಕೋಟೆಯಿಂದ ನಾವು ಒಂಬತ್ತು ಮಂದಿ ಏಪ್ರಿಲ್‌ನಲ್ಲಿ ನೇಪಾಳದ ಅನ್ನಪೂರ್ಣ ಸುತ್ತಿನ ಚಾರಣಕ್ಕೆ ಹೊರಟಿದ್ದೇವೆ. ಯಾರು ಯಾವ ಬಟ್ಟೆ ತರಬೇಕೆಂಬ ಯಾದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಹಿರಿಯರೂ ಇದ್ದಾರೆಂದು ಕನ್ನಡದಲ್ಲೇ ಬರೆಯಲು ಕೂತೆ. ಒಂದರ ಮೇಲೊಂದು ಹಾಕಿಕೊಳ್ಳುವ ಬಟ್ಟೆಗೆ ಚಾರಣದವರು ಅನ್ನುವ ‘ಲೇಯರ್’ ಎಂಬಲ್ಲಿಗೆ ಬಂದು ಪೆನ್ನು ನಿಂತಿತು.

ನಡಿಗೆ ಶುರುವಾಗುವ ಬೇಸಿಸಹರ್ ಇರುವುದು ಸುಮಾರು 800 ಮೀಟರ್ ಎತ್ತರದಲ್ಲಿ, ದಾಟಬೇಕಾದ ಥೊರಾಂಗ್ ಲಾ ಎಂಬ ಕಣಿವೆದಾರಿ 5,416 ಮೀಟರ್. ಸಾವಿರ ಮೀಟರ್ ಏರಿದರೆ ಆರೂವರೆ ಡಿಗ್ರಿಯಷ್ಟು ತಂಪು ಎಂದು ಹಿಡಿದರೂ ಕೆಳಗಿಗೂ ಮೇಲಕ್ಕೂ 30 ಡಿಗ್ರಿ ಅಂತರ. ಒಂದು ದಪ್ಪ ಸ್ವೆಟರಿನಿಂದ ನೀಗುವಂಥದ್ದಲ್ಲ. ಮೈಗೆ ಹತ್ತಿದ್ದು ಬೆವರನ್ನು ಹೊರಗೆ ದಾಟಿಸಬೇಕು, ಅದರ ಮೇಲಿನದು ಬಿಸಿ ಹಿಡಿದಿಡಬೇಕು, ಎಲ್ಲಕ್ಕೂ ಮೇಲಿನದು ಗಾಳಿ ಮಳೆ ತಡೆಯಬೇಕು. ಏರುವಾಗ ಒಂದೊಂದೇ ಬಿಚ್ಚುವುದು, ನಿಂತಾಗ ಮತ್ತೆ ಹಾಕಿಕೊಳ್ಳುವುದು.

ಮೊದಲು ‘ಮೂರು ಪದರ ಬಟ್ಟೆ’ ಎಂದು ಬರೆದು ಓದಿದೆ. “ಮೂರು ಪದರ ಎಲ್ಲಿಂದ ಬರ್ತಾವೋ? ಸೀರಿಗೆ ಇರೂದ ಒಂದ ಪದರ” ಅಂದಳು ಅವ್ವ. ನಮ್ಮ ಕಡೆ ಮರಾಠಿಯಲ್ಲಿದ್ದಂತೆಯೇ ಪದರ ಎಂದರೆ ಸೆರಗೂ ಹೌದು. ಆದರೆ ಅದೇ ಅವ್ವ ಕೌದಿಯ ಅಂಚನ್ನು ಹೆಬ್ಬೆರಳಿನಿಂದ ತಿಕ್ಕಿ, “ಇದಕ್ಕ ನಾಕ ಪದರ ಹಾಕೇನಿ ನೋಡು” ಅನ್ನುತ್ತಾಳೆ. ಚಪಾತಿಗೂ ಪದರವೇ. ಅಂದರೆ ಅರ್ಥ ಬದುಕಿದೆ, ಆದರೆ ಒಂದಕ್ಕೊಂದು ಕೂಡಿಕೊಂಡದ್ದಕ್ಕೆ. ನನಗೆ ಬೇಕಾದದ್ದು ಬಿಚ್ಚಿ ಬೇರೆ ಮಾಡಬಹುದಾದದ್ದು. ಸಿಂಪಿಗರ ‘ಅಸ್ತರ’ವೂ ಇದೇ ಕಾರಣಕ್ಕೆ ಹೊಂದಲಿಲ್ಲ, ಅದು ಒಳಗೇ ಹೊಲಿದುಬಿಟ್ಟದ್ದು.

‘ಒಳಂಗಿ – 2’ ಎಂದು ಬರೆದದ್ದು ಇನ್ನೂ ದೊಡ್ಡ ತಪ್ಪಾಯಿತು. ಕಾಕಾ ಎರಡು ಹೊಸ ಹತ್ತಿ ಬನಿಯನ್ ತಂದರು. “ಯಾದ್ಯಾಗ ಬರದಂಗ ತಂದೇನಿ” ಅಂದರು, ಅವರ ಮಾತು ಸರಿಯೇ ಇತ್ತು. ಹತ್ತಿ ಬೆವರು ಕುಡಿದು ಹಸಿಯಾಗಿಯೇ ಉಳಿಯುತ್ತದೆ. ನಮ್ಮ ಬಿಸಿಲಿಗೆ ಅದೇ ಸುಖ, ಅಲ್ಲಿಯ ಗಾಳಿಗೆ ಅದೇ ಅಪಾಯ. ತೆಳು ಉಣ್ಣೆಯದೋ ಪಾಲಿಯೆಸ್ಟರಿನದೋ ಬೇಕಿತ್ತು. ಪದ ಅರ್ಥವಾಗದೆ ಉಳಿದಿದ್ದರೆ ಕೇಳುತ್ತಿದ್ದರು. ಬೇರೆಯೇ ಅರ್ಥ ಕೊಟ್ಟಿದ್ದರಿಂದ ಕೇಳಲೂ ಇಲ್ಲ.

‘ನಡುವಂಗಿ’ಯನ್ನು ನಾನೇ ಹೊಡೆದುಹಾಕಿದೆ. ನಡು ಎಂದರೆ ಸೊಂಟ ಎನ್ನುವವರ ನಡುವೆ ಅದು ಸೊಂಟಕ್ಕೆ ಕಟ್ಟುವ ಬಟ್ಟೆಯಾಗುತ್ತದೆ.

ಎಲ್ಲಕ್ಕೂ ಮೇಲಿನದಕ್ಕೆ ಮಾತ್ರ ನಮ್ಮಲ್ಲೇ ಒಳ್ಳೆಯ ಪದವಿದೆ: ಕೊಪ್ಪೆ, ಆಡುಮಾತಿನಲ್ಲಿ ಕೊಪ್ಪಿ. ಕಂಬಳಿಯ ಒಂದು ಮೂಲೆ ಒಳಮಡಚಿ ತಲೆಯ ಮೇಲೆ ಹಾಕಿಕೊಂಡರೆ ತಲೆಗೂ ಬೆನ್ನಿಗೂ ಒಂದೇ ಮರೆ. ಕುರುಬರು ನೇಯ್ದ ಕಂಬಳಿಗೆ ಹುಣಸೆಬೀಜದ ಗಂಜಿ ಹಚ್ಚಿರುತ್ತಾರೆ, ಮಳೆ ಬಿದ್ದರೆ ನೀರು ಬೇಗ ಒಳಗಿಳಿಯುವುದಿಲ್ಲ. ಉಣ್ಣೆ ತೊಯ್ದರೂ ಅಷ್ಟಿಷ್ಟು ಬೆಚ್ಚಗಿರುತ್ತದೆ. ಕುರಿ ಕಾಯುವವರಿಗೆ ಹಾಸಿಗೆಯೂ ಅದೇ, ಹೊದಿಕೆಯೂ ಅದೇ. ತಲೆಮುಸುಕು ಇರುವ ಮಳೆ ಜಾಕೆಟ್ಟು ಮಾಡುವ ಕೆಲಸ ಬೇರೆಯೇನಲ್ಲವಲ್ಲ? ಕೂಸುಗಳ ‘ಕುಂಚಿಗಿ’ಯೂ ನೆನಪಾಯಿತು, ಆದರೆ ದೊಡ್ಡವರು ಅದನ್ನು ತಮ್ಮ ಬಟ್ಟೆಯೆಂದು ಒಪ್ಪಲಿಕ್ಕಿಲ್ಲ.

ಈಗ ಯಾದಿಯಲ್ಲಿ ‘ಬೆವರಂಗಿ, ಬೆಚ್ಚಂಗಿ, ಕೊಪ್ಪೆ’ ಎಂದು ಬರೆದಿದ್ದೇನೆ, ಪಕ್ಕದಲ್ಲಿ ಯಾವುದರಿಂದ ಮಾಡಿದ್ದೆಂದೂ ಸೇರಿಸಿದ್ದೇನೆ. ಎಲ್ಲಿ ಹಾಕಿಕೊಳ್ಳಬೇಕು ಎನ್ನುವುದಕ್ಕಿಂತ ಏನು ಮಾಡುತ್ತದೆ ಎನ್ನುವುದೇ ಹೆಸರಾದರೆ ತಪ್ಪು ಬಟ್ಟೆ ಬರಲಿಕ್ಕಿಲ್ಲ ಎಂದು ನನ್ನ ನಂಬಿಕೆ.

ನನ್ನ ಪ್ರಶ್ನೆಗಳು: ‘ಬೆವರಂಗಿ’ ಕೇಳಿದರೆ ಬೆವರಿನಿಂದ ತೊಯ್ದ ಅಂಗಿ ಅನ್ನಿಸುತ್ತದೆಯೇ? ಖಾನಾಪುರದ ಮಳೆ ಕಂಡವರು ಕೊಪ್ಪೆಗೆ ಏನನ್ನುತ್ತೀರಿ? ಒಂದರ ಮೇಲೊಂದು ಹಾಕಿಕೊಳ್ಳುವ ಬಟ್ಟೆಗಳಿಗೆಲ್ಲ ಸೇರಿ ವಿಜಯಪುರದ ಕಡೆ ಯಾವುದಾದರೂ ಒಂದೇ ಮಾತು ಇದೆಯೇ? ಮನೆಯ ಹಿರಿಯರನ್ನು ಕೇಳಿ, ಅವರು ಅಂದಂತೆಯೇ ಬರೆದು ತಿಳಿಸಿ.