ಎನ್‌ಜಿಎಫ್ (ನರ ಬೆಳೆಸುವ ಪ್ರೋಟೀನ್) ಮೊದಲ ದಿನವೇ ಸೋರಿಹೋಗುತ್ತಿದೆ, ಪಾಲಿಮರ್ ಬದಲಿಸಬೇಕೇ?

ಪ್ರಶ್ನೆ: ಇಲಿಯ ತುಂಡಾದ ಸಯಾಟಿಕ್ ನರದ (ಹಿಂಗಾಲಿನ ದೊಡ್ಡ ನರ) 10 ಮಿ.ಮೀ. ಅಂತರವನ್ನು ಜೋಡಿಸಲು ಕೊಲ್ಯಾಜನ್ ನಾಳ ತಯಾರಿಸುತ್ತಿದ್ದೇವೆ. ಒಳಗೆ ಎನ್‌ಜಿಎಫ್ ತುಂಬಿದ ಪಿಎಲ್‌ಜಿಎ (ನಿಧಾನವಾಗಿ ಕರಗುವ ಪಾಲಿಮರ್; ಲ್ಯಾಕ್ಟಿಕ್, ಗ್ಲೈಕಾಲಿಕ್ ಪಾಲು 50:50, ಸರಪಳಿಯ ಕೊನೆ ಆಸಿಡ್ ತುದಿಯದು) ಮೈಕ್ರೋಸ್ಫಿಯರ್‌ಗಳು, ಅಂದರೆ ಸೂಕ್ಷ್ಮ ಗೋಲಗಳು. ಡಬಲ್ ಎಮಲ್ಷನ್ ವಿಧಾನ (ಪ್ರೋಟೀನ್ ಇರುವ ನೀರನ್ನು ಪಾಲಿಮರ್ ದ್ರಾವಣದಲ್ಲಿ, ಅದನ್ನು ಮತ್ತೆ ಹೊರ ನೀರಿನಲ್ಲಿ ಹನಿಯಾಗಿಸುವುದು), ದ್ರಾವಕ ಡೈಕ್ಲೋರೋಮೀಥೇನ್, ಹೊರ ನೀರಿನಲ್ಲಿ ಹನಿಗಳು ಕೂಡಿಕೊಳ್ಳದಂತೆ 1% ಪಿವಿಎ. ಬರೀ ಪಿಬಿಎಸ್‌ನಲ್ಲಿ (ಉಪ್ಪಿನ ಬಫರ್ ದ್ರಾವಣ) 37 ಡಿಗ್ರಿಗೆ ಇಟ್ಟು ಎಲೈಸಾ (ಪ್ರತಿಕಾಯದಿಂದ ಪ್ರೋಟೀನ್ ಅಳೆಯುವ ಪರೀಕ್ಷೆ) ಮಾಡಿದರೆ 24 ಗಂಟೆಯಲ್ಲೇ ಅರ್ಧದಷ್ಟು ಹೊರಗೆ, ಮೂರನೇ ದಿನದಿಂದ ಗ್ರಾಫ್ ಮಲಗಿಬಿಡುತ್ತದೆ. ತುಂಬಿದ್ದರಲ್ಲಿ ಮೂರನೇ ಒಂದು ಭಾಗ ಲೆಕ್ಕಕ್ಕೇ ಸಿಗುತ್ತಿಲ್ಲ. 75:25ಕ್ಕೆ ಹೋಗೋಣವೇ ಸರ್?

ಉತ್ತರ: ಈಗಲೇ ಬೇಡ. 75:25 ಇನ್ನೂ ನಿಧಾನವಾಗಿ ಕರಗುತ್ತದೆ, ಮಲಗಿದ ಗ್ರಾಫ್ ಇನ್ನಷ್ಟು ದಿನ ಮಲಗುತ್ತದೆ ಅಷ್ಟೆ. ಪ್ರೋಟೀನ್ ಎಲ್ಲಿ ಕಳೆಯುತ್ತಿದೆ ಎಂದು ಮೊದಲು ಹುಡುಕಿ.

ಶುರು ಮಾಡಬೇಕಾದ್ದು ಟ್ಯೂಬಿನಿಂದ. ನ್ಯಾನೋಗ್ರಾಂ ಮಟ್ಟದಲ್ಲಿ ಎನ್‌ಜಿಎಫ್ ಪ್ಲಾಸ್ಟಿಕ್ಕಿಗೂ ಗಾಜಿಗೂ ಅಂಟಿಕೊಳ್ಳುತ್ತದೆ. ಪಿಬಿಎಸ್‌ಗೆ 0.1% ಬಿಎಸ್‌ಎ (ಹಸುವಿನ ರಕ್ತದ ಅಲ್ಬುಮಿನ್ ಪ್ರೋಟೀನ್) ಸೇರಿಸಿ, ಲೋ-ಬೈಂಡ್ ಟ್ಯೂಬ್ ಬಳಸಿ. ಮೈಕ್ರೋಸ್ಫಿಯರ್ ಇಲ್ಲದೆ, ಗೊತ್ತಿರುವಷ್ಟು ಎನ್‌ಜಿಎಫ್ ಅನ್ನು ಅದೇ ದ್ರವದಲ್ಲಿ ಅಷ್ಟೇ ದಿನ ಇಟ್ಟು ಅಳೆಯಿರಿ. ಅದೂ ಇಳಿದರೆ ತಪ್ಪು ಪಾಲಿಮರಿನದಲ್ಲ. ಈ ಕಂಟ್ರೋಲ್ ಇಲ್ಲದ ರಿಲೀಸ್ ಗ್ರಾಫನ್ನು ನಾನಂತೂ ನಂಬುವುದಿಲ್ಲ.

ಮೊದಲ ಎಮಲ್ಷನ್‌ನಲ್ಲಿ ನೀರು ಮತ್ತು ಡೈಕ್ಲೋರೋಮೀಥೇನ್ ಸೇರುವ ಮೇಲ್ಮೈಯಲ್ಲಿ ಪ್ರೋಟೀನ್ ಬಿಚ್ಚಿಕೊಳ್ಳುತ್ತದೆ. ಒಳ ನೀರಿಗೆ ಬಿಎಸ್‌ಎ ಹಾಕಿದರೆ ಆ ಜಾಗವನ್ನು ಅದು ಆಕ್ರಮಿಸಿಕೊಳ್ಳುತ್ತದೆ, ಎನ್‌ಜಿಎಫ್ ಬಹುಪಾಲು ಉಳಿಯುತ್ತದೆ. ಸೋನಿಕೇಷನ್ ಐಸ್ ಮೇಲೆ, ಬಿಟ್ಟುಬಿಟ್ಟು.

ಆಮೇಲೆ ಆಮ್ಲ. ಪಿಎಲ್‌ಜಿಎ ಒಡೆದಾಗ ಲ್ಯಾಕ್ಟಿಕ್, ಗ್ಲೈಕಾಲಿಕ್ ಆಮ್ಲಗಳು ಗೋಲದೊಳಗೇ ಉಳಿದು ಪಿಎಚ್ ಕುಸಿಯುತ್ತದೆ. ಪ್ರೋಟೀನ್ ಮುದ್ದೆಯಾಗಿ ಒಳಗೇ ಸಿಕ್ಕಿಬೀಳುತ್ತದೆ. ಹೊರಬಂದರೂ ಆಕಾರ ಕೆಟ್ಟಿದ್ದರೆ ಎಲೈಸಾದ ಪ್ರತಿಕಾಯ ಅದನ್ನು ಗುರುತಿಸದೇ ಇರಬಹುದು. ಪಾಲಿಮರ್ ತೂಕದ ಸುಮಾರು 3% ಮೆಗ್ನೀಸಿಯಂ ಹೈಡ್ರಾಕ್ಸೈಡ್ ಪುಡಿಯನ್ನು ಪಾಲಿಮರ್ ದ್ರಾವಣದಲ್ಲಿ ಕಲಕಿ ನೋಡಿ. ಜೊತೆಗೆ, ಎನ್‌ಜಿಎಫ್ ಧನ ಆವೇಶದ್ದು, ಆಸಿಡ್ ತುದಿಯ ಪಿಎಲ್‌ಜಿಎ ಋಣ ಆವೇಶದ್ದು, ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಬದಲಿಸಲೇಬೇಕೆಂದಿದ್ದರೆ ಎಸ್ಟರ್ ತುದಿಯದನ್ನು ತನ್ನಿ.

ಬರ್ಸ್ಟ್‌ಗೆ (ಮೊದಲ ದಿನದ ಸೋರಿಕೆಗೆ) ಬೇರೆ ಕಾರಣ: ಒಳಗಡೆ ಬಫರಿನ ಲವಣ, ಹೊರಗಡೆ ಬರೀ ಪಿವಿಎ ನೀರು. ಆಸ್ಮಾಸಿಸ್‌ನಿಂದ ನೀರು ಒಳನುಗ್ಗಿ ಗೋಲ ತೂತುತೂತಾಗುತ್ತದೆ. ಪಿವಿಎ ದ್ರಾವಣಕ್ಕೂ ಉಪ್ಪು (ಸೋಡಿಯಂ ಕ್ಲೋರೈಡ್) ಸೇರಿಸಿ ಮಾಡಿದ ಗೋಲಗಳನ್ನು ಎಸ್‌ಇಎಮ್‌ನಲ್ಲಿ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ನೋಡಿದರೆ ವ್ಯತ್ಯಾಸ ಕಾಣುತ್ತದೆ.

ಪ್ರಶ್ನೆ: ಎಷ್ಟು ದಿನ ಹೊರಬರಬೇಕು? ಹೆಚ್ಚು ದಿನವಾದಷ್ಟೂ ಒಳ್ಳೆಯದೇ?

ಉತ್ತರ (ಇನ್ನೊಬ್ಬರು): ಆಕ್ಸಾನ್ (ನರಕೋಶದ ಉದ್ದನೆಯ ತಂತು) ದಿನಕ್ಕೆ ಸುಮಾರು 1 ಮಿ.ಮೀ. ಬೆಳೆಯುತ್ತದೆ. ನಾಳದಲ್ಲಿ ಮೊದಲು ಫೈಬ್ರಿನ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್) ಎಳೆ ಕಟ್ಟಬೇಕು, ಆಮೇಲೆ ಶ್ವಾನ್ ಕೋಶಗಳು (ಆಕ್ಸಾನ್‌ಗೆ ಆಸರೆಯಾಗುವ ಕೋಶಗಳು), ಅವುಗಳ ಹಿಂದೆ ಆಕ್ಸಾನ್. ಹಾಗಾಗಿ ಮೊದಲ ದಿನ ಸುರಿದದ್ದು ಹೆಚ್ಚುಕಡಿಮೆ ವ್ಯರ್ಥ, 10 ಮಿ.ಮೀ.ಗೆ ಮೂರು ನಾಲ್ಕು ವಾರ ಸಾಕು. ಆದರೆ ಮಿತಿ ಮೀರಬಾರದು. ಜಿಡಿಎನ್‌ಎಫ್ (ನರ ಬೆಳೆಸುವ ಇನ್ನೊಂದು ಪ್ರೋಟೀನ್) ಒಂದೇ ಕಡೆ ತುಂಬಾ ಇದ್ದರೆ ಆಕ್ಸಾನ್‌ಗಳು ಅಲ್ಲೇ ಸುರುಳಿ ಸುತ್ತಿಕೊಂಡು ಮುಂದೆ ಹೋಗುವುದೇ ಇಲ್ಲ.

ಪಿಎಲ್‌ಜಿಎ ಬಿಟ್ಟು ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು) ಹಿಡಿಸಿದ ಫೈಬ್ರಿನ್ ಜೆಲ್ ಯೋಚಿಸಿ. ದ್ರಾವಕವೂ ಇಲ್ಲ, ಆಮ್ಲವೂ ಇಲ್ಲ. ಋಣ ಆವೇಶದ ಹೆಪಾರಿನ್ ಎನ್‌ಜಿಎಫ್ ಅನ್ನು ಹಿಡಿದಿಟ್ಟು ಮೆಲ್ಲಗೆ ಬಿಡುತ್ತದೆ. ಹಿಡಿತ ಬಲವಾದದ್ದಲ್ಲ, ಆದ್ದರಿಂದ ಹೆಪಾರಿನ್ ಎನ್‌ಜಿಎಫ್‌ಗಿಂತ ಬಹಳ ಹೆಚ್ಚಿರಬೇಕು. ಜೆಲ್ ಗಟ್ಟಿಯಾಗುವ ಸಮಯವನ್ನು ಮೊದಲೇ ಪರೀಕ್ಷಿಸಿ, ಹೆಪಾರಿನ್ ಅದನ್ನು ಏರುಪೇರು ಮಾಡಬಹುದು.

ಪ್ರಶ್ನೆ: ಎಲೈಸಾ ಸಾಲದೇ? ಸ್ಟೆರಿಲೈಸ್ ಯಾವಾಗ?

ಉತ್ತರ: ಸಾಲದು. ಹೊರಬಂದ ಎನ್‌ಜಿಎಫ್ ಅನ್ನು ಪಿಸಿ12 ಕೋಶಗಳಿಗೆ (ಎನ್‌ಜಿಎಫ್ ಸಿಕ್ಕರೆ ತಂತು ಚಾಚುವ ಇಲಿಯ ಕೋಶಗಳು) ಹಾಕಿ, ತಂತುಗಳು ಬರುತ್ತವೆಯೇ ನೋಡಿ. ಹೋಲಿಕೆಗೆ 50 ನ್ಯಾನೋಗ್ರಾಂ/ಮಿ.ಲೀ. ತಾಜಾ ಎನ್‌ಜಿಎಫ್. ಬಿಡಿಎನ್‌ಎಫ್ ಎಂಬ ಇನ್ನೊಂದು ನರ ಪ್ರೋಟೀನಿಗೆ ಈ ಪರೀಕ್ಷೆ ನಡೆಯುವುದಿಲ್ಲ, ಪಿಸಿ12ರಲ್ಲಿ ಅದಕ್ಕೆ ಬೇಕಾದ ಟಿಆರ್‌ಕೆ-ಬಿ ಗ್ರಾಹಕ ಇಲ್ಲ.

ಕೊಲ್ಯಾಜನ್ನನ್ನು ಇಡಿಸಿ/ಎನ್‌ಎಚ್‌ಎಸ್ ರಾಸಾಯನಿಕಗಳಿಂದ ಕ್ರಾಸ್‌ಲಿಂಕ್ ಮಾಡಿ (ಎಳೆಗಳನ್ನು ಒಂದಕ್ಕೊಂದು ಬೆಸೆದು), ಚೆನ್ನಾಗಿ ತೊಳೆದ ಮೇಲೆಯೇ ಎನ್‌ಜಿಎಫ್ ಒಳಗೆ ಹೋಗಬೇಕು. ಇಲ್ಲದಿದ್ದರೆ ಅದರ ಲೈಸೀನ್‌ಗಳೂ ಕೊಲ್ಯಾಜನ್ನಿಗೆ ಹೆಣೆದುಕೊಳ್ಳುತ್ತವೆ. ಖಾಲಿ ನಾಳವನ್ನು ಎಥಿಲೀನ್ ಆಕ್ಸೈಡ್‌ನಲ್ಲಿ ಸ್ಟೆರಿಲೈಸ್ ಮಾಡಿ ಗಾಳಿಯಾಡಿಸಿ. ಎನ್‌ಜಿಎಫ್ ದ್ರಾವಣವನ್ನು 0.22 ಮೈಕ್ರಾನ್ ಪಿಇಎಸ್ ಫಿಲ್ಟರಿನಲ್ಲಿ ಸೋಸಿ, ಮುಂದಿನದನ್ನೆಲ್ಲ ಅಸೆಪ್ಟಿಕ್ ಆಗಿಯೇ ಮಾಡಿ. ತುಂಬಿದ ಮೇಲೆ ಗಾಮಾ ಕೊಡಬೇಡಿ.

ನಡಿಗೆ ಪರೀಕ್ಷೆ ನಿಮ್ಮ ಮುಖ್ಯ ಅಳತೆಯಾಗಿದ್ದರೆ ಎನ್‌ಜಿಎಫ್ ಒಂದರಿಂದ ನಿರಾಶೆಯಾದೀತು. ಅದು ಮುಖ್ಯವಾಗಿ ಸಂವೇದಿ ನರಗಳಿಗೆ, ಚಾಲಕ ನರಗಳಿಗೆ ಜಿಡಿಎನ್‌ಎಫ್ ಬೇಕು. 10 ಮಿ.ಮೀ. ಅಂತರವನ್ನು ಇಲಿಯ ನರ ಖಾಲಿ ಸಿಲಿಕೋನ್ ನಾಳದಲ್ಲೂ ದಾಟುತ್ತದೆ, ಗುಂಪುಗಳ ನಡುವೆ ವ್ಯತ್ಯಾಸ ಕಾಣಬೇಕಾದರೆ 15 ಮಿ.ಮೀ. ಇಟ್ಟುಕೊಳ್ಳಿ. ಖಾಲಿ ಮೈಕ್ರೋಸ್ಫಿಯರ್ ಹಾಕಿದ ಗುಂಪೂ ಒಂದಿರಲಿ, ಆಮ್ಲದ ಪರಿಣಾಮ ಬೇರೆಯಾಗಿ ತಿಳಿಯುತ್ತದೆ.