ಸಹಾಯ ಬೇಕು: ಅಲಬಾಮದ ಬಾಲ್ಡ್‌ವಿನ್ ಕೌಂಟಿಯಲ್ಲಿ ಜಮೀನು ಕೊಳ್ಳುವ ಬಗ್ಗೆ

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಒಂದು ವಿನಂತಿ. ಮೊಬೈಲ್ ಕೊಲ್ಲಿಯ ಪೂರ್ವಕ್ಕಿರುವ ಬಾಲ್ಡ್‌ವಿನ್ ಕೌಂಟಿಯಲ್ಲಿ ಸುಮಾರು ಐದು ಎಕರೆ ಕೊಂಡು, ತರಕಾರಿ, ಕೋಳಿ, ಹಣ್ಣಿನ ಮರಗಳೊಂದಿಗೆ ಆದಷ್ಟು ಸ್ವಾವಲಂಬಿಯಾಗಿ ಬದುಕಬೇಕೆಂಬುದು ನಮ್ಮ ಯೋಜನೆ.

ಮಳೆಗೆ ಅಲ್ಲಿ ಕೊರತೆಯಿಲ್ಲ. ಸತ್ಸುಮಾ ಕಿತ್ತಳೆ, ಪೆಕಾನ್ ಎರಡೂ ಬೆಳೆಯುತ್ತವೆ. ಆದರೆ 2025ರ ಜನವರಿಯಲ್ಲಿ ಆ ಕರಾವಳಿಯಲ್ಲೂ ಹಿಮ ಬಿದ್ದುದರಿಂದ, ಕರಿಬೇವು, ನುಗ್ಗೆಗಳನ್ನು ನೆಲದಲ್ಲೇ ನೆಟ್ಟವರು ಅವನ್ನು ಹೇಗೆ ಉಳಿಸಿಕೊಂಡರೆಂದು ತಿಳಿಯುವ ಆಸೆ. (ಕರಿಬೇವಿಲ್ಲದ ಸ್ವಾವಲಂಬನೆಗೆ ಮನೆಯಲ್ಲಿ ಒಪ್ಪಿಗೆಯಿಲ್ಲ.)

ನಿಜವಾದ ಚಿಂತೆ ಚಂಡಮಾರುತದ್ದು. 2004ರ ಸೆಪ್ಟೆಂಬರ್ 16ರಂದು ಐವನ್, 2020ರಲ್ಲಿ ಅದೇ ದಿನಾಂಕದಂದು ಸ್ಯಾಲಿ, ಎರಡೂ ಇದೇ ಕೌಂಟಿಯ ಕಡಲತೀರದ ಊರಾದ ಗಲ್ಫ್ ಶೋರ್ಸ್ ಬಳಿಯೇ ನೆಲಕ್ಕಪ್ಪಳಿಸಿದವು; ನಿಧಾನವಾಗಿ ಚಲಿಸಿದ ಸ್ಯಾಲಿ ಗಾಳಿಯ ಜೊತೆಗೆ ವಿಪರೀತ ಮಳೆಯನ್ನೂ ಸುರಿಸಿತು. ಆದ್ದರಿಂದ ಕಡಲಂಚನ್ನು ಬಿಟ್ಟು, ರಾಬರ್ಟ್ಸ್‌ಡೇಲ್‌ನಿಂದ ಉತ್ತರಕ್ಕೆ, ಬೇ ಮಿನೆಟ್ ಕಡೆಯ ಎತ್ತರದ ನೆಲವೇ ಸರಿಯೆಂದು ನನ್ನ ಅಂದಾಜು. ಅಲ್ಲಿ ಉಬ್ಬರದ ಅಲೆಯ ಭಯ ಕಡಿಮೆ, ಸ್ಥಳ ಬಿಡಬೇಕಾದರೆ ಅಂತರರಾಜ್ಯ ಹೆದ್ದಾರಿ 65 ಹತ್ತಿರ.

ಅಲ್ಲಿನ ಅನುಭವವುಳ್ಳವರು ದಯವಿಟ್ಟು ಇಷ್ಟನ್ನು ತಿಳಿಸಿ: ವಿದ್ಯುತ್ ವಾರಗಟ್ಟಲೆ ಹೋದಾಗ ಕೊಳವೆಬಾವಿಯ ಪಂಪನ್ನು ಜನರೇಟರಿನಿಂದ ನಡೆಸಿದಿರೋ, ಸೌರ ಬ್ಯಾಟರಿಯಿಂದಲೋ? ಬಿರುಗಾಳಿಯನ್ನು ತಾಳುವಂತೆ ಕಟ್ಟಿದ್ದೆಂದು ದೃಢಪಡಿಸುವ ‘ಫೋರ್ಟಿಫೈಡ್’ ಪ್ರಮಾಣಪತ್ರದ ಛಾವಣಿಯಿಂದ ವಿಮೆಯ ಕಂತು ಎಷ್ಟರ ಮಟ್ಟಿಗೆ ಇಳಿಯಿತು? ಪ್ರವಾಹ ವಿಮೆಯನ್ನು ಬೇರೆಯಾಗಿಯೇ ಕೊಳ್ಳಬೇಕಾದ್ದರಿಂದ, ಪ್ರವಾಹ ನಕ್ಷೆಯಲ್ಲಿ ಸುರಕ್ಷಿತವೆಂದು ತೋರಿದರೂ ಮಳೆಯಲ್ಲಿ ನೀರು ನಿಲ್ಲುವ ಜಾಗಗಳ ಹೆಸರು ಗೊತ್ತಿದ್ದರೆ ಅದನ್ನೂ ಬರೆಯಿರಿ.